ಕಾರ್ಖಾನೆಯೇ ಇಲ್ಲದ ಧ್ರುವದ ಹಳ್ಳಿಗಳಲ್ಲಿ ಪಾದರಸ: "ತಿನ್ನಬೇಡಿ" ಅಂದರೆ ಸಾಕಾ?

ಉತ್ತರದಿಕ್ಕು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಿದೆ, ಇಲ್ಲಿ ಚರ್ಚೆ ಮಾಡೋಣ ಅನ್ನಿಸಿತು.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯಲ್ಲಿ ನುನಾವಿಕ್ ಅನ್ನುವ ಸೀಮೆ ಇದೆ. ಧ್ರುವದ ಮೂಲನಿವಾಸಿಗಳಾದ ಇನ್ಯುಯಿಟ್ ಜನರ 14 ಹಳ್ಳಿಗಳು. ಹೆಚ್ಚಿನವು ಸಮುದ್ರದ ಅಂಚಿನಲ್ಲೇ ಇವೆ. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ರಸ್ತೆ ಇಲ್ಲ. ವಿಮಾನ ಬೇಕು, ಬೇಸಿಗೆಯಲ್ಲಾದರೆ ಹಡಗು ಬರುತ್ತದೆ. ಕಲ್ಲಿದ್ದಲು ಸುಡುವ ಸ್ಥಾವರ ಅಲ್ಲಿಲ್ಲ. ಪಾದರಸ ಬಳಸುವ ಕಾರ್ಖಾನೆಯೂ ಇಲ್ಲ.

ಆದರೂ ಅಲ್ಲಿನ ಗರ್ಭಿಣಿಯರ ರಕ್ತದಲ್ಲಿ ಪಾದರಸ ದಕ್ಷಿಣ ಕೆನಡಾದವರಿಗಿಂತ ಜಾಸ್ತಿ. ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ ಕೆನಡಾ ಇಟ್ಟಿರುವ ಮಿತಿ ಒಂದು ಲೀಟರ್ ರಕ್ತಕ್ಕೆ 8 ಮೈಕ್ರೋಗ್ರಾಂ. ನುನಾವಿಕ್‌ನಲ್ಲಿ ಈ ಮಿತಿ ದಾಟಿದ ತಾಯಂದಿರು ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಗುತ್ತಾರೆ. 1990ರ ದಶಕಕ್ಕೆ ಹೋಲಿಸಿದರೆ ಪ್ರಮಾಣ ಇಳಿದಿದೆ, ನಿಜ. ಆದರೆ ಸಮಸ್ಯೆ ಮುಗಿದಿಲ್ಲ.

ಪಾದರಸ ಅವರ ಮೈಗೆ ಸೇರುವುದು ಊಟದಿಂದ. ಮುಖ್ಯವಾಗಿ ಬೆಲುಗಾ ತಿಮಿಂಗಿಲದ ಮಾಂಸದಿಂದ. 2011ರಲ್ಲಿ ಅಲ್ಲಿನ ಆರೋಗ್ಯಾಧಿಕಾರಿಗಳು ಹೆರಿಗೆ ವಯಸ್ಸಿನ ಹೆಣ್ಣುಮಕ್ಕಳಿಗೆ ಬೆಲುಗಾ ಮಾಂಸ ಕಡಿಮೆ ಮಾಡಿ ಅಂತ ಸಲಹೆ ಕೊಟ್ಟರು. ಅವರ ಕೆಲಸ ಅವರು ಮಾಡಿದರು, ಅದರಲ್ಲಿ ತಪ್ಪು ಹುಡುಕುವುದಿಲ್ಲ. ನನ್ನನ್ನು ಕಾಡುವುದು ಬೇರೆ. ಪಾದರಸ ಗಾಳಿಗೆ ಬಿಟ್ಟವರು ಎಲ್ಲೋ ಇದ್ದಾರೆ. ಊಟ ಬದಲಿಸಿಕೊಳ್ಳಬೇಕಾದವಳು ಸಾಲ್ಯುಯಿಟ್‌ನಂಥ ಹಳ್ಳಿಯ ಒಬ್ಬ ಬಸುರಿ. ಇದು ಯಾವ ನ್ಯಾಯ?

ಗೊತ್ತಿರುವವರು ಬರೆಯಿರಿ.

ಬೆಟ್ಟದಹೂ:

ಒಳ್ಳೆಯ ವಿಷಯ ಎತ್ತಿದ್ದೀರಿ. ನನಗೊಂದು ಮೂಲಭೂತ ಪ್ರಶ್ನೆ. ಪಾದರಸ ಅಂದರೆ ಭಾರವಾದ ಲೋಹ ಅಲ್ವಾ? ಅಷ್ಟು ದೂರ ಹೇಗೆ ಹೋಗುತ್ತದೆ? ಹೋದರೂ ಧ್ರುವದ ಹತ್ತಿರವೇ ಯಾಕೆ ಇಳಿಯಬೇಕು?

ರಸಾಯನಮೇಷ್ಟ್ರು:

ಬೆಟ್ಟದಹೂ ಅವರೇ, ದ್ರವವಾಗಿ ನೋಡಿದರೆ ಭಾರ. ಆದರೆ ಪಾದರಸ ಬೇಗ ಆವಿಯಾಗುತ್ತದೆ. ಕಲ್ಲಿದ್ದಲು ಸುಟ್ಟಾಗ, ಚಿನ್ನದ ಅದಿರಿಗೆ ಪಾದರಸ ಬೆರೆಸಿ ಕಾಯಿಸಿದಾಗ ಅದು ಅನಿಲವಾಗಿ ಮೇಲೆ ಹೋಗುತ್ತದೆ. ನೀರಿನಲ್ಲಿ ಸುಲಭವಾಗಿ ಕರಗದ ಕಾರಣ ಮಳೆಗೆ ತಕ್ಷಣ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಗಾಳಿಯಲ್ಲೇ ಇರುತ್ತದೆ. ಅಷ್ಟು ಸಮಯ ಸಾಕು, ಇಡೀ ಭೂಮಿ ಸುತ್ತಬಹುದು.

ಇನ್ನು ಧ್ರುವದ ವಿಶೇಷ. ಕೆನಡಾದ ಉತ್ತರ ತುದಿಯಲ್ಲಿ ಅಲರ್ಟ್ ಅನ್ನುವ ವೀಕ್ಷಣಾ ನೆಲೆ ಇದೆ. ಅಲ್ಲಿ 1995ರಲ್ಲಿ ಒಂದು ವಿಚಿತ್ರ ಕಂಡಿತು. ತಿಂಗಳುಗಟ್ಟಲೆ ಕತ್ತಲೆಯ ನಂತರ ಸೂರ್ಯ ಮೂಡುವ ವಸಂತದಲ್ಲಿ, ಗಾಳಿಯಲ್ಲಿದ್ದ ಪಾದರಸ ಇದ್ದಕ್ಕಿದ್ದಂತೆ ಬಹುತೇಕ ಮಾಯವಾಗುತ್ತಿತ್ತು. 1998ರಲ್ಲಿ ಇದು ಪ್ರಕಟವಾಯಿತು. ಕಾರಣ ಬ್ರೋಮಿನ್. ಸಮುದ್ರದ ಮಂಜುಗಡ್ಡೆಯ ಮೇಲಿನ ಉಪ್ಪಿನಿಂದ ಬ್ರೋಮಿನ್ ಹೊರಬರುತ್ತದೆ. ಬಿಸಿಲು ತಾಗಿದಾಗ ಅದು ಪಾದರಸದ ಜೊತೆ ಸೇರಿ ಅದನ್ನು ನೀರಿಗೆ, ಹಿಮಕ್ಕೆ ಅಂಟುವ ರೂಪಕ್ಕೆ ತಿರುಗಿಸುತ್ತದೆ. ಆಮೇಲೆ ಅದು ಹಿಮದ ಮೇಲೆ ಇಳಿಯುತ್ತದೆ. ಇಳಿದದ್ದರಲ್ಲಿ ಒಂದು ಪಾಲು ಮತ್ತೆ ಆವಿಯಾಗಿ ಮೇಲೇರುತ್ತದೆ. ಉಳಿದದ್ದು ಹಿಮ ಕರಗಿದಾಗ ನೀರು ಸೇರುತ್ತದೆ.

ಇದೊಂದೇ ದಾರಿ ಅಲ್ಲ. ಅಲಾಸ್ಕಾದ ಟೂಲಿಕ್ ಸಂಶೋಧನಾ ನೆಲೆಯ ಹತ್ತಿರ ನಡೆದ ಅಧ್ಯಯನ 2017ರಲ್ಲಿ ಬಂತು. ಟಂಡ್ರಾದ, ಅಂದರೆ ಮರಗಳಿಲ್ಲದ ಧ್ರುವದ ಬಯಲಿನ ಗಿಡಗಳು, ಪಾಚಿಗಳು ಗಾಳಿಯ ಪಾದರಸವನ್ನು ನೇರವಾಗಿ ಹೀರಿಕೊಳ್ಳುತ್ತವೆ, ಗಿಡ ಸತ್ತಾಗ ಅದು ಮಣ್ಣಿಗೆ ಸೇರುತ್ತದೆ ಅಂತ ಅದರಲ್ಲಿ ಗೊತ್ತಾಯಿತು. ಅಲ್ಲಿಯ ನೆಲದಲ್ಲಿರುವ ಪಾದರಸದ ಹೆಚ್ಚಿನ ಪಾಲು ಬಂದಿದ್ದೇ ಈ ದಾರಿಯಲ್ಲಿ. ನಂತರ ನದಿಗಳು ಅದನ್ನು ಸಮುದ್ರಕ್ಕೆ ಹೊರುತ್ತವೆ. ಸೈಬೀರಿಯಾದ ಓಬ್, ಯೆನಿಸೇ, ಲೇನಾ, ಕೆನಡಾದ ಮೆಕೆಂಜಿ ಎಲ್ಲ ಸೇರಿ ಆರ್ಕ್ಟಿಕ್ ಸಾಗರಕ್ಕೆ ವರ್ಷಕ್ಕೆ ಸುಮಾರು 40 ಟನ್ ಪಾದರಸ ತರುತ್ತವೆ.

ಆದರೆ ನೀರಿನಲ್ಲಿ ಬಿದ್ದ ಪಾದರಸಕ್ಕಿಂತ ಅಪಾಯ ಮೀಥೈಲ್ ಪಾದರಸ. ಆಮ್ಲಜನಕ ಕಡಿಮೆ ಇರುವ ಕೆಸರಿನಲ್ಲಿ, ಸಮುದ್ರದ ಒಳಪದರದಲ್ಲಿ ಸೂಕ್ಷ್ಮಜೀವಿಗಳು ಪಾದರಸವನ್ನು ಈ ರೂಪಕ್ಕೆ ತಿರುಗಿಸುತ್ತವೆ. ಇದು ಮೈಗೆ ಸೇರಿದರೆ ಬೇಗ ಹೊರಗೆ ಹೋಗುವುದಿಲ್ಲ. ಸಣ್ಣ ಪಾಚಿಯನ್ನು ಸಣ್ಣ ಸೀಗಡಿಯಂಥ ಜೀವಿ ತಿನ್ನುತ್ತದೆ, ಅದನ್ನು ಆರ್ಕ್ಟಿಕ್ ಕಾಡ್ ಮೀನು, ಆ ಮೀನನ್ನು ಸೀಲ್ ಅಥವಾ ಬೆಲುಗಾ, ಸೀಲನ್ನು ಹಿಮಕರಡಿ. ಸಾಲದ ಮೇಲೆ ಚಕ್ರಬಡ್ಡಿ ಬೆಳೆದ ಹಾಗೆ ಪ್ರತಿ ಮೆಟ್ಟಿಲಲ್ಲೂ ಪ್ರಮಾಣ ಏರುತ್ತದೆ. ಬೆಲುಗಾ ದಶಕಗಳ ಕಾಲ ಬದುಕುವ ಪ್ರಾಣಿ, ಕೂಡಿಕೊಳ್ಳಲು ಬೇಕಾದಷ್ಟು ಸಮಯ ಇದೆ.

ಕಡಲಹಕ್ಕಿ:

ಒಂದು ಅನುಮಾನ. ಜ್ವಾಲಾಮುಖಿಯಿಂದಲೂ ಪಾದರಸ ಬರುತ್ತದೆ, ಕಲ್ಲುಮಣ್ಣಿನಲ್ಲೂ ಇದೆ. ಸಾವಿರಾರು ವರ್ಷದಿಂದ ಇನ್ಯುಯಿಟ್ ಜನ ತಿಮಿಂಗಿಲ ತಿಂದಿದ್ದಾರೆ. ಹಾಗಾದರೆ ಇದು ಹಳೆಯ ವಿಷಯವೇ ಅಲ್ವಾ? ಎಲ್ಲದಕ್ಕೂ ಕಾರ್ಖಾನೆಯನ್ನೇ ದೂರುವುದು ಸರಿಯಾ?

ಉತ್ತರದಿಕ್ಕು:

ಕೇಳಬೇಕಾದ ಪ್ರಶ್ನೆಯೇ. ಇದನ್ನು ಅಳೆಯಲು ವಿಜ್ಞಾನಿಗಳು ಹಳೆಯ ಕೂದಲು, ಹಲ್ಲು, ಗರಿಗಳನ್ನು ಹುಡುಕಿದರು. ಕೈಗಾರಿಕೆ ಶುರುವಾಗುವ ಮೊದಲಿನ ಹಿಮಕರಡಿ ಕೂದಲು, ಬೆಲುಗಾ ಹಲ್ಲು, ಮನುಷ್ಯರ ಹಲ್ಲು ಕೂಡ ಇವೆ. ಅವನ್ನು ಇಂದಿನವುಗಳ ಜೊತೆ ಹೋಲಿಸಿದಾಗ ಪ್ರಮಾಣ ಸುಮಾರು ಹತ್ತು ಪಟ್ಟು ಏರಿತ್ತು. ಏರಿಕೆ ಶುರುವಾಗಿದ್ದು 19ನೇ ಶತಮಾನದಲ್ಲಿ. ಈಗ ಆರ್ಕ್ಟಿಕ್‌ನ ಮೇಲುಸ್ತರದ ಪ್ರಾಣಿಗಳಲ್ಲಿರುವ ಪಾದರಸದ 90%ಕ್ಕೂ ಹೆಚ್ಚು ಪಾಲು ಮನುಷ್ಯರ ಕೆಲಸದಿಂದ ಬಂದದ್ದು ಅಂತ ಲೆಕ್ಕ. ಜ್ವಾಲಾಮುಖಿ ಅಂದೂ ಇತ್ತು, ಇಂದೂ ಇದೆ. ಬದಲಾದದ್ದು ನಾವು.

ಅಜ್ಜಿ ತಿಂದ ಬೆಲುಗಾಕ್ಕೂ ಮೊಮ್ಮಗಳು ತಿನ್ನುವ ಬೆಲುಗಾಕ್ಕೂ ಇಷ್ಟು ವ್ಯತ್ಯಾಸ ಇರುವಾಗ "ಹಳೇ ಅಭ್ಯಾಸ" ಅಂತ ಅವರ ಮೇಲೆ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಕಡಲಹಕ್ಕಿ:

ಸರಿ, ಒಪ್ಪಿದೆ. ಆದರೂ ಈಗಿನ ಮಟ್ಟಿಗೆ ತಿಮಿಂಗಿಲ ಬಿಟ್ಟು ಬೇರೆ ತಿಂದರೆ ಆಯಿತಲ್ಲ? ಅಂಗಡಿ ಇದ್ದೇ ಇರುತ್ತದೆ.

ದಾದಿ_ಮಾಂಟ್ರಿಯಲ್:

ಇಲ್ಲಿ ನಾನು ಮಾತಾಡಲೇಬೇಕು. ನಾನು ಮಾಂಟ್ರಿಯಲ್‌ನಲ್ಲಿ ನರ್ಸ್. ನುನಾವಿಕ್‌ನಿಂದ ದೊಡ್ಡ ಚಿಕಿತ್ಸೆಗೆ ರೋಗಿಗಳನ್ನು ವಿಮಾನದಲ್ಲಿ ಇಲ್ಲಿಗೇ ಕರೆತರುತ್ತಾರೆ. ವಾರಗಟ್ಟಲೆ ಮನೆಯಿಂದ ದೂರ ಇರುತ್ತಾರೆ. ಅವರ ಜೊತೆ ಮಾತಾಡುತ್ತಾ ಕಲಿತದ್ದು ಇದು.

ಅಂಗಡಿ ಇದೆ. ಅದರಲ್ಲಿ ಸೇಬು, ಟೊಮೆಟೊ, ಹಾಲು ಎಲ್ಲ ದಕ್ಷಿಣದಿಂದ ವಿಮಾನದಲ್ಲಿ ಬರಬೇಕು. ಬೆಲೆ ಕೇಳಿದರೆ ಗಾಬರಿಯಾಗುತ್ತದೆ. ಹವಾಮಾನ ಕೆಟ್ಟರೆ ವಿಮಾನವೇ ಬರುವುದಿಲ್ಲ. ಅಗ್ಗಕ್ಕೆ ಸಿಗುವುದು ಚಿಪ್ಸ್, ಸೋಡಾ, ಡಬ್ಬಿ ಊಟ. ಎಷ್ಟೋ ಮನೆಗಳಲ್ಲಿ ತಿಂಗಳ ಕೊನೆಗೆ ಊಟಕ್ಕೇ ತತ್ವಾರ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ. ಸೀಲ್ ಮತ್ತು ಬೆಲುಗಾ ಮಾಂಸದಲ್ಲಿ ಕಬ್ಬಿಣಾಂಶ ತುಂಬಾ ಇದೆ. ಅದನ್ನು ಕಿತ್ತುಕೊಂಡು ಚಿಪ್ಸ್ ಕೊಟ್ಟರೆ ಆರೋಗ್ಯ ಸುಧಾರಿಸುತ್ತದಾ?

ಇನ್ನೊಂದು. ಬೇಟೆಯ ಮಾಂಸವನ್ನು ಅಲ್ಲಿ ಹಂಚಿಕೊಂಡು ತಿನ್ನುತ್ತಾರೆ. ಹಳ್ಳಿಗೊಂದು ಸಾಮೂಹಿಕ ಫ್ರೀಜರ್ ಇರುತ್ತದೆ. ಬೇಟೆಗಾರರು ತಂದು ಇಡುತ್ತಾರೆ, ಇಲ್ಲದವರು ತೆಗೆದುಕೊಂಡು ಹೋಗುತ್ತಾರೆ. ಬೆಲುಗಾ ಸಿಕ್ಕಿತು ಅಂದರೆ ಇಡೀ ಊರಿಗೆ ಹಬ್ಬ. ಹುಡುಗರು ಹಿರಿಯರ ಜೊತೆ ದೋಣಿಯಲ್ಲಿ ಹೋಗಿ ಕಲಿಯುವುದು ಬರೀ ಬೇಟೆಯನ್ನಲ್ಲ. ಗಾಳಿ, ಮಂಜುಗಡ್ಡೆ, ದಾರಿ ಎಲ್ಲ ಅಲ್ಲೇ ಗೊತ್ತಾಗುವುದು. "ಬೇರೆ ತಿಂದರೆ ಆಯಿತು" ಅನ್ನುವಾಗ ಇದೆಲ್ಲ ಲೆಕ್ಕಕ್ಕೆ ಬರುವುದಿಲ್ಲ.

ಸಲಹೆ ಕೊಡುವ ರೀತಿಯೂ ಮುಖ್ಯ. ಪಾದರಸ ಇಡೀ ಪ್ರಾಣಿಯಲ್ಲಿ ಒಂದೇ ಸಮ ಇರುವುದಿಲ್ಲ. ಬೆಲುಗಾದ ಮಾಂಸದಲ್ಲಿ ಜಾಸ್ತಿ. ಒಣಗಿಸಿದ ಮಾಂಸಕ್ಕೆ ನಿಕ್ಕು ಅನ್ನುತ್ತಾರೆ. ನೀರು ಹೋದ ಕಾರಣ ಅದರಲ್ಲಿ ಇನ್ನೂ ಜಾಸ್ತಿ. ಆದರೆ ಮತ್ತಾಕ್, ಅಂದರೆ ಚರ್ಮ ಮತ್ತು ಕೊಬ್ಬು, ಅದರಲ್ಲಿ ಕಡಿಮೆ. ಜೊತೆಗೆ ಚರ್ಮದಲ್ಲಿ ಸೆಲೆನೋನಿನ್ ಅನ್ನುವ ಸೆಲೆನಿಯಂ ಸಂಯುಕ್ತ ಸಿಗುತ್ತದೆ. ಪಾದರಸದ ಕೆಡುಕನ್ನು ಇದು ತಗ್ಗಿಸಬಹುದಾ ಅಂತ ಸಂಶೋಧಕರು ನೋಡುತ್ತಿದ್ದಾರೆ. ಆರ್ಕ್ಟಿಕ್ ಚಾರ್ ಮೀನಿನಲ್ಲಿ, ಕ್ಯಾರಿಬೂ ಅನ್ನುವ ಹಿಮಸಾರಂಗದ ಮಾಂಸದಲ್ಲಿ ಪಾದರಸ ತುಂಬಾ ಕಡಿಮೆ. ಹಾಗಾಗಿ ನುನಾವಿಕ್‌ನ ಕೆಲವು ಹಳ್ಳಿಗಳಲ್ಲಿ ಗರ್ಭಿಣಿಯರಿಗೆ ಚಾರ್ ಮೀನನ್ನು ಪುಕ್ಕಟೆ ಹಂಚಿದರು. ಇದು ಸಲಹೆ. ಮಾಂಸ ಬಿಡಿ ಅಂದಾಗ ಕೈಯಲ್ಲಿ ಮೀನು ಇಟ್ಟರು. ನನಗೆ ತುಂಬಾ ಇಷ್ಟವಾದ ಕೆಲಸ.

ಪಕ್ಕದ ನುನಾವುಟ್‌ನಲ್ಲೂ 2012ರಲ್ಲಿ ಹೀಗೇ ಮಾಡಿದರು. ಹೆರಿಗೆ ವಯಸ್ಸಿನ ಹೆಂಗಸರು ರಿಂಗ್ಡ್ ಸೀಲ್‌ನ ಲಿವರ್ ಬಿಡಿ, ಅದರ ಮಾಂಸ ತಿನ್ನಿ ಅಂದರು. ಯಾರು, ಯಾವ ಪ್ರಾಣಿ, ಯಾವ ಭಾಗ ಅಂತ ಸ್ಪಷ್ಟವಾಗಿ ಹೇಳಿದ್ದು ನೋಡಿ.

ಬೆಟ್ಟದಹೂ:

ಮೀನು ಹಂಚಿದ ವಿಷಯ ಓದಿ ನಿಜಕ್ಕೂ ಸಂತೋಷವಾಯಿತು. ಧನ್ಯವಾದ.

ಕರಾವಳಿಅಮ್ಮ:

ನಾನು ಮಂಗಳೂರಿನವಳು, ಐದನೇ ತಿಂಗಳು. ಇದೆಲ್ಲ ಓದಿ ಹೆದರಿಕೆ ಆಗ್ತಿದೆ. ನಮ್ಮ ಮನೆಯಲ್ಲಿ ಮೀನಿಲ್ಲದೆ ಊಟವೇ ಇಲ್ಲ. ಪಾದರಸದಿಂದ ಮಗುವಿಗೆ ಏನಾಗುತ್ತದೆ? ನಾವೂ ಬಿಡಬೇಕಾ?

ಮಕ್ಕಳವೈದ್ಯ:

ಕರಾವಳಿಅಮ್ಮ, ಮೊದಲು ಸಮಾಧಾನ ಮಾಡಿಕೊಳ್ಳಿ. ಮೀನು ಬಿಡಬೇಡಿ. ಬೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳಲ್ಲಿ ಪಾದರಸ ಕಡಿಮೆ, ಮಗುವಿನ ಮೆದುಳಿಗೆ ಬೇಕಾದ ಒಮೆಗಾ-3 ಜಾಸ್ತಿ. ಎಚ್ಚರ ಬೇಕಾದ್ದು ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನುಗಳ ಬಗ್ಗೆ. ಅಮೆರಿಕದ ಪಟ್ಟಿಯಲ್ಲಿ ಗರ್ಭಿಣಿಯರು ಬಿಡಬೇಕಾದವುಗಳಲ್ಲಿ ಶಾರ್ಕ್, ಕತ್ತಿಮೀನು, ಮಾರ್ಲಿನ್, ಕಿಂಗ್ ಮ್ಯಾಕರೆಲ್ ಇವೆ. ಕಿಂಗ್ ಮ್ಯಾಕರೆಲ್ ನಮ್ಮ ಅಂಜಲ್ ಮೀನಿನ ಹತ್ತಿರದ ಬಳಗ. ಹಾಗಾಗಿ ದೊಡ್ಡ ಅಂಜಲ್, ಶಾರ್ಕ್ ಈ ಕೆಲವು ತಿಂಗಳು ಬೇಡ. ನಿಮ್ಮ ವೈದ್ಯರ ಹತ್ತಿರವೂ ಒಮ್ಮೆ ಕೇಳಿ.

ಮಗುವಿಗೆ ಏನಾಗುತ್ತದೆ ಅನ್ನುವುದಕ್ಕೆ ಬರುತ್ತೇನೆ. ಮೀಥೈಲ್ ಪಾದರಸ ಮಾಸು ದಾಟುತ್ತದೆ, ಮೆದುಳಿನ ತಡೆಯನ್ನೂ ದಾಟುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಅದರಿಂದ ಹೆಚ್ಚು ಪೆಟ್ಟು. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತದಲ್ಲಿ ತಾಯಿಗೆ ಹೆಚ್ಚು ಲಕ್ಷಣ ಇರಲಿಲ್ಲ, ಮಗು ಮಾತ್ರ ತೀವ್ರ ನ್ಯೂನತೆಯಿಂದ ಹುಟ್ಟಿದ ಉದಾಹರಣೆಗಳಿವೆ. ಅದು ಕಾರ್ಖಾನೆಯಿಂದ ನೇರವಾಗಿ ಕೊಲ್ಲಿಗೆ ಬಿಟ್ಟ ವಿಷ, ಪ್ರಮಾಣ ಭಾರಿ. ಧ್ರುವ ಪ್ರದೇಶದಲ್ಲಿ ಅಂಥದ್ದು ಕಾಣುವುದಿಲ್ಲ. ಅಲ್ಲಿನದು ಸೂಕ್ಷ್ಮವಾದ ನಷ್ಟ. ಹೊರಗಿನಿಂದ ನೋಡಿದರೆ ಮಗು ಚೆನ್ನಾಗಿಯೇ ಇರುತ್ತದೆ.

ಅದನ್ನು ಮೊದಲು ಗಟ್ಟಿಯಾಗಿ ತೋರಿಸಿದ್ದು ಫೆರೋ ದ್ವೀಪಗಳ ಅಧ್ಯಯನ. ಉತ್ತರ ಅಟ್ಲಾಂಟಿಕ್‌ನಲ್ಲಿ 18 ದ್ವೀಪಗಳು, ಅಲ್ಲಿ ಪೈಲಟ್ ತಿಮಿಂಗಿಲ ತಿನ್ನುವ ರೂಢಿ. ಪಾಲ್ ವೈಹೆ ಮತ್ತು ಫಿಲಿಪ್ ಗ್ರಾಂಜಾನ್ ಅನ್ನುವ ವೈದ್ಯ ವಿಜ್ಞಾನಿಗಳು 1986-87ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಪಾದರಸ ಅಳೆದರು. ಮಕ್ಕಳಿಗೆ ಏಳು ವರ್ಷ ಆದಾಗ ಪರೀಕ್ಷೆ ಮಾಡಿದರು. 1997ರಲ್ಲಿ ಫಲಿತಾಂಶ ಬಂತು. ಪಾದರಸ ಹೆಚ್ಚಿದ್ದಷ್ಟೂ ಭಾಷೆ, ಗಮನ, ನೆನಪಿನ ಶಕ್ತಿಯಲ್ಲಿ ಹಿನ್ನಡೆ. ಅದೇ ಮಕ್ಕಳನ್ನು ಹದಿಹರೆಯದಲ್ಲಿ, ಆಮೇಲೆ ಇಪ್ಪತ್ತೆರಡರ ವಯಸ್ಸಿನಲ್ಲಿ ನೋಡಿದಾಗಲೂ ಗುರುತು ಉಳಿದಿತ್ತು.

ನುನಾವಿಕ್‌ನಲ್ಲೂ ಸುಮಾರು 11 ವರ್ಷದ ಮಕ್ಕಳಲ್ಲಿ ಇಂಥದ್ದೇ ಕಂಡಿತು. ಬುದ್ಧಿಮತ್ತೆಯ ಅಂಕ ಸ್ವಲ್ಪ ಕಡಿಮೆ, ತರಗತಿಯಲ್ಲಿ ಗಮನದ ತೊಂದರೆ ಜಾಸ್ತಿ. ಅಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಪಾದರಸ ತರುವ ಸಮುದ್ರದ ಆಹಾರವೇ ಒಮೆಗಾ-3 ಕೂಡ ತರುತ್ತದೆ. ಒಂದು ಮೆದುಳಿಗೆ ಕೆಡುಕು, ಇನ್ನೊಂದು ಒಳಿತು. ಒಳಿತನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೆಡುಕು ಮುಚ್ಚಿಹೋಗುತ್ತದೆ. ಹಾಗಾಗಿಯೇ "ಎಲ್ಲ ಬಿಡಿ" ಅನ್ನುವ ಸಲಹೆ ವೈದ್ಯರ ದೃಷ್ಟಿಯಿಂದಲೂ ತಪ್ಪು.

ಫೆರೋದಲ್ಲಿ 1998ರಿಂದ ಹೆಣ್ಣುಮಕ್ಕಳಿಗೆ ಬಿಗಿಯಾದ ಸಲಹೆ ಕೊಟ್ಟರು, ತಾಯಂದಿರ ಪಾದರಸ ಚೆನ್ನಾಗಿ ಇಳಿಯಿತು. 2008ರಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿ ಮತ್ತು ವೈಹೆ, ಪೈಲಟ್ ತಿಮಿಂಗಿಲ ಯಾರೂ ತಿನ್ನದಿರುವುದೇ ಒಳ್ಳೆಯದು ಅಂದರು. ಅಲ್ಲಿ ಬೇರೆ ಮೀನು, ಕುರಿಮಾಂಸ, ಅಂಗಡಿ ಎಲ್ಲ ಕೈಗೆಟುಕುತ್ತದೆ. ಅದೇ ಮಾತನ್ನು ಗ್ರೀನ್‌ಲ್ಯಾಂಡ್‌ನ ಉತ್ತರ ತುದಿಯ ಕಾನಾಕ್‌ನಲ್ಲಿ ಹೇಳುವುದು ಕಷ್ಟ. ಅಲ್ಲಿ ನಾರ್ವಾಲ್ ತಿಮಿಂಗಿಲ, ಸೀಲ್ ಬಿಟ್ಟರೆ ಊಟ ಎಲ್ಲಿಂದ ತರಬೇಕು?

ಕರಾವಳಿಅಮ್ಮ:

ತುಂಬಾ ಥ್ಯಾಂಕ್ಸ್ ಡಾಕ್ಟರ್. ಬೂತಾಯಿ ಬಿಡಬೇಕಿಲ್ಲ ಅಂತ ಕೇಳಿ ಜೀವ ಬಂತು. ನನಗೆ ಸಣ್ಣ ಮೀನು ಆರಿಸಿಕೊಳ್ಳುವ ಅವಕಾಶ ಮಾರ್ಕೆಟ್‌ನಲ್ಲೇ ಇದೆ. ಅವರಿಗೆ ಅದೂ ಇಲ್ಲ ಅಂತ ಈಗ ಅರ್ಥವಾಯಿತು.

ಕೃಷ್ಣಾತೀರ:

ರಾಯಚೂರು ಕಡೆಯವನು ನಾನು. ಇಷ್ಟೆಲ್ಲ ಓದಿದ ಮೇಲೆ ಒಂದು ನೇರ ಪ್ರಶ್ನೆ. ನಮ್ಮ ಪಾಲು ಎಷ್ಟು? ಶಕ್ತಿನಗರದಲ್ಲಿ 1,720 ಮೆಗಾವಾಟ್ ಕಲ್ಲಿದ್ದಲಿನ ಮೇಲೆ ನಿಂತಿದೆ. ಬಳ್ಳಾರಿಯ ಕುಡತಿನಿಯಲ್ಲಿ ಇನ್ನೊಂದು. ಆ ಹೊಗೆಯೂ ಅಲ್ಲಿಗೆ ಹೋಗುತ್ತದಾ?

ರಸಾಯನಮೇಷ್ಟ್ರು:

ಇಂಥ ಚಿಮಣಿಯಿಂದ ಇಂಥ ತಿಮಿಂಗಿಲಕ್ಕೆ ಅಂತ ದಾರ ಎಳೆಯಲು ಬರುವುದಿಲ್ಲ. ಒಮ್ಮೆ ಗಾಳಿ ಸೇರಿದ ಮೇಲೆ ಎಲ್ಲರದ್ದೂ ಬೆರೆತುಹೋಗುತ್ತದೆ. ಒಟ್ಟು ಲೆಕ್ಕ ಇದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2018ರಲ್ಲಿ ಕೊಟ್ಟ ಅಂದಾಜಿನಂತೆ, 2015ರಲ್ಲಿ ಮನುಷ್ಯರು ಗಾಳಿಗೆ ಬಿಟ್ಟ ಪಾದರಸ ಸುಮಾರು 2,220 ಟನ್. ಅದರಲ್ಲಿ 38% ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯದ್ದು. 21% ಕಲ್ಲಿದ್ದಲು ಸುಡುವುದರಿಂದ. ದಕ್ಷಿಣ ಏಷ್ಯಾದ ಒಟ್ಟು ಪಾಲು ಸುಮಾರು 10%. ಪೂರ್ವ ಮತ್ತು ಆಗ್ನೇಯ ಏಷ್ಯಾದ್ದು ಅದರ ನಾಲ್ಕು ಪಟ್ಟು ಹತ್ತಿರ. ನಮ್ಮದು ಸೊನ್ನೆ ಅಲ್ಲ.

ಯುರೋಪ್, ಉತ್ತರ ಅಮೆರಿಕ ಒಂದು ಶತಮಾನ ಕಾಲ ಬಿಟ್ಟದ್ದು ಈಗಲೂ ಮಣ್ಣಿನಲ್ಲಿ, ಸಮುದ್ರದಲ್ಲಿ ಇದೆ. ಅದು ಮತ್ತೆ ಮತ್ತೆ ಆವಿಯಾಗಿ ಸುತ್ತುತ್ತದೆ. ಆ ಹಳೇ ಸಾಲವನ್ನೂ ಮರೆಯಬಾರದು.

ಕಡಲಹಕ್ಕಿ:

ಅದೇ ನಾನು ಹೇಳಬೇಕೆಂದಿದ್ದೆ. ಅವರು ಉದ್ಧಾರವಾಗುವವರೆಗೆ ಸುಟ್ಟರು. ಈಗ ನಮ್ಮ ಹಳ್ಳಿಗೆ ಕರೆಂಟು ಬರುವ ಹೊತ್ತಿಗೆ ನಿಲ್ಲಿಸಿ ಅಂದರೆ ಹೇಗೆ? ರಾಯಚೂರಿನ ರೈತನ ಪಂಪ್‌ಸೆಟ್ಟಿಗೂ ಬೆಲೆ ಇದೆ.

ಉತ್ತರದಿಕ್ಕು:

ಪಂಪ್‌ಸೆಟ್ಟು ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಕಲ್ಲಿದ್ದಲು ಸುಡುವಷ್ಟು ಕಾಲ ಪಾದರಸ ಹಿಡಿಯುವ ದಾರಿಗಳಿವೆ. ಕಲ್ಲಿದ್ದಲು ತೊಳೆಯುವುದು, ಬೂದಿ ಹಿಡಿಯುವ ಫಿಲ್ಟರ್ ಸರಿಯಾಗಿ ಇಡುವುದು, ಗಂಧಕ ತೆಗೆಯುವ ಎಫ್‌ಜಿಡಿ ಯಂತ್ರ. ಎಫ್‌ಜಿಡಿ ಹಾಕುವುದು ಗಂಧಕಕ್ಕಾಗಿ, ಆದರೆ ಪಾದರಸದ ಒಂದು ಪಾಲೂ ಅದರಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಕೇಂದ್ರ ಸರ್ಕಾರ 2015ರ ಡಿಸೆಂಬರ್‌ನಲ್ಲೇ ಉಷ್ಣ ಸ್ಥಾವರಗಳಿಗೆ ಪಾದರಸದ ಮಿತಿ ಹಾಕಿತು. ಒಂದು ಘನ ಮೀಟರ್ ಹೊಗೆಗೆ 0.03 ಮಿಲಿಗ್ರಾಂ. ಒಳ್ಳೆಯ ಹೆಜ್ಜೆ. ಆದರೆ 2025ರ ಜುಲೈನಲ್ಲಿ ಬಹುಪಾಲು ಘಟಕಗಳಿಗೆ ಎಫ್‌ಜಿಡಿಯಿಂದ ವಿನಾಯಿತಿ ಸಿಕ್ಕಿತು. ಆ ಚರ್ಚೆಯೆಲ್ಲ ಗಂಧಕದ ಸುತ್ತಲೇ ನಡೆಯಿತು. ಜೊತೆಗೆ ಕೈತಪ್ಪಿದ ಪಾದರಸದ ಲಾಭವನ್ನು ಯಾರೂ ಜೋರಾಗಿ ಕೇಳಲಿಲ್ಲ. ನನಗೆ ಇದು ನೋವಿನ ಸಂಗತಿ.

ಮತ್ತೆ, ಕಲ್ಲಿದ್ದಲ ಹೊಗೆಯ ಹತ್ತಿರ ಮೊದಲು ಉಸಿರಾಡುವವರು ಧ್ರುವದವರಲ್ಲ, ನಮ್ಮವರೇ. ರೈತನನ್ನೂ ಆ ತಾಯಿಯನ್ನೂ ಎದುರುಬದುರು ನಿಲ್ಲಿಸಬೇಕಾಗಿಲ್ಲ.

ದಾದಿ_ಮಾಂಟ್ರಿಯಲ್:

ಇದಕ್ಕೆ ಸೇರಿಸುತ್ತೇನೆ. ಇನ್ಯುಯಿಟ್ ಜನ ಸುಮ್ನೆ ಕೂತಿಲ್ಲ. ಗ್ರೀನ್‌ಲ್ಯಾಂಡ್, ಕೆನಡಾ, ಅಲಾಸ್ಕಾ, ರಷ್ಯಾದ ಚುಕೋಟ್ಕಾ, ಎಲ್ಲ ಕಡೆಯ ಸುಮಾರು 1,80,000 ಇನ್ಯುಯಿಟ್ ಜನರ ಪರವಾಗಿ ಮಾತಾಡುವ ಇನ್ಯುಯಿಟ್ ಸರ್ಕಂಪೋಲಾರ್ ಕೌನ್ಸಿಲ್ 1977ರಿಂದ ಇದೆ. ಪಾದರಸದ ಅಂತರರಾಷ್ಟ್ರೀಯ ಒಪ್ಪಂದದ ಮಾತುಕತೆಗಳಲ್ಲಿ ಅವರು ಕೂತು ವಾದಿಸಿದರು. 2013ರಲ್ಲಿ ಜಪಾನಿನ ಕುಮಾಮೊಟೊದಲ್ಲಿ ಒಪ್ಪಿಕೊಂಡ ಮಿನಮಾಟಾ ಒಪ್ಪಂದದ ಪೀಠಿಕೆಯಲ್ಲಿ ಆರ್ಕ್ಟಿಕ್ ಪರಿಸರ ಮತ್ತು ಅಲ್ಲಿನ ಮೂಲನಿವಾಸಿಗಳ ಹೆಸರು ಬಂದದ್ದು ಸುಲಭದ ಮಾತಲ್ಲ. 2017ರ ಆಗಸ್ಟ್ 16ರಿಂದ ಅದು ಜಾರಿಯಲ್ಲಿದೆ.

ಬೆಟ್ಟದಹೂ:

ಹಿಮ ಕರಗುತ್ತಿರುವುದರಿಂದ ಇದು ಇನ್ನೂ ಕೆಡುತ್ತದಾ?

ರಸಾಯನಮೇಷ್ಟ್ರು:

ಕೆಡುವ ದಾರಿ ಇದೆ. ಸಾವಿರಾರು ವರ್ಷ ಹೆಪ್ಪುಗಟ್ಟಿದ ನೆಲದಲ್ಲಿ ಗಿಡಗಳ ಜೊತೆ ಪಾದರಸವೂ ಹೂತಿದೆ. 2018ರ ಒಂದು ಅಂದಾಜು ಉತ್ತರಾರ್ಧಗೋಳದ ಆ ಮಣ್ಣುಗಳಲ್ಲಿ 16 ಲಕ್ಷ ಟನ್‌ಗಿಂತ ಹೆಚ್ಚು ಅಂದಿತು. ನಂತರದ ಅಂದಾಜುಗಳು ಅದನ್ನು ಬಹಳ ಇಳಿಸಿವೆ, ಆದರೂ ದೊಡ್ಡ ಮೊತ್ತವೇ. ಕೆನಡಾದ ಪೀಲ್ ಪ್ರಸ್ಥಭೂಮಿಯಲ್ಲಿ ನೆಲ ಕರಗಿ ಕುಸಿಯುವ ಜಾಗಗಳ ಕೆಳಗಿನ ಹೊಳೆಗಳಲ್ಲಿ ತುಂಬಾ ಹೆಚ್ಚಿನ ಪಾದರಸ ಸಿಕ್ಕಿದೆ. ಅದರಲ್ಲಿ ಹೆಚ್ಚಿನದು ಕೆಸರಿನ ಕಣಗಳಿಗೆ ಅಂಟಿಕೊಂಡದ್ದು. ಎಲ್ಲವೂ ಮೀನಿಗೆ ಸೇರುತ್ತದೆ ಅಂತಲ್ಲ. ನೆಲದೊಳಗಿನದನ್ನು ನಾವು ಹಿಡಿದಿಡಲಾರೆವು. ಚಿಮಣಿಯದ್ದನ್ನು ಹಿಡಿಯಬಹುದು.

ಅಂದಹಾಗೆ, ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿರುವ ನೀ-ಅಲೆಸುಂಡ್‌ನಲ್ಲಿ 2008ರಿಂದ ಭಾರತದ ಹಿಮಾದ್ರಿ ನೆಲೆ ಇದೆ. ಅದರ ಮೇಲಿನ ಗುಡ್ಡದ ಜೆಪ್ಪೆಲಿನ್ ವೀಕ್ಷಣಾಲಯದಲ್ಲಿ ಗಾಳಿಯ ಪಾದರಸ ಅಳೆಯುತ್ತಾರೆ. 2013ರಿಂದ ಆರ್ಕ್ಟಿಕ್ ಕೌನ್ಸಿಲ್‌ನಲ್ಲಿ ನಾವು ವೀಕ್ಷಕ ದೇಶ. ಅಲ್ಲಿ ಕೂತವರಿಗೆ ಈ ವಿಷಯ ಹೊಸದಲ್ಲ.

ಕೃಷ್ಣಾತೀರ:

ಹಾಗಾದರೆ ನಾವು ಇಲ್ಲಿಂದ ಏನು ಮಾಡಬಹುದು? ಬರೀ ಓದಿ ಬೇಜಾರು ಮಾಡಿಕೊಳ್ಳುವುದು ನನಗೆ ಆಗುವುದಿಲ್ಲ.

ಉತ್ತರದಿಕ್ಕು:

ಒಂದು ಕೆಲಸ ಇದೆ. ಭಾರತ 2018ರ ಜೂನ್‌ನಲ್ಲಿ ಮಿನಮಾಟಾ ಒಪ್ಪಂದವನ್ನು ಅನುಮೋದಿಸಿತು. ಅದರ 8ನೇ ವಿಧಿಯ ಪ್ರಕಾರ ಈಗಾಗಲೇ ಇರುವ ಕಲ್ಲಿದ್ದಲು ಸ್ಥಾವರಗಳ ಪಾದರಸ ತಗ್ಗಿಸುವ ಕ್ರಮಗಳನ್ನು ಹತ್ತು ವರ್ಷದೊಳಗೆ ಜಾರಿಗೆ ತರಬೇಕು. ಅಂದರೆ 2028. ಹಾಗಾಗಿ ರಾಜ್ಯದ ಕಲ್ಲಿದ್ದಲು ಘಟಕಗಳ ಬಗ್ಗೆ ಆರ್‌ಟಿಐ ಹಾಕೋಣ. ಘಟಕವಾರು ಪಾದರಸದ ಅಳತೆ ಎಷ್ಟು, ಯಾವ ದಿನ ಅಳೆದರು, ಯಾವ ಪ್ರಯೋಗಾಲಯ, 2028ಕ್ಕೆ ಏನು ಯೋಜನೆ. ಈ ನಾಲ್ಕು ಪ್ರಶ್ನೆ ಸಾಕು.

ಕೃಷ್ಣಾತೀರ:

ಅರ್ಜಿ ನಾನು ಬರೆಯುತ್ತೇನೆ. ಮೇಷ್ಟ್ರೇ, ಅಳತೆಯ ವಿಧಾನದ ಬಗ್ಗೆ ಒಂದು ಸಾಲು ಸೇರಿಸಿ ಕೊಡಿ. ಸೋಮವಾರದೊಳಗೆ ಕರಡು ಇಲ್ಲೇ ಹಾಕುತ್ತೇನೆ, ಎಲ್ಲರೂ ನೋಡಿ ತಿದ್ದಿ.

ರಸಾಯನಮೇಷ್ಟ್ರು:

ಖಂಡಿತ. ಚಿಮಣಿಯ ಹೊಗೆಯ ಜೊತೆ ಹಾರುಬೂದಿಯಲ್ಲಿ ಎಷ್ಟಿದೆ ಅಂತಲೂ ಕೇಳಿ. ಫಿಲ್ಟರಿನಲ್ಲಿ ಹಿಡಿದ ಪಾದರಸ ಬೂದಿಯಲ್ಲೇ ಇರುತ್ತದೆ, ಆ ಬೂದಿ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಗೊತ್ತಾಗಬೇಕು.

ಕಡಲಹಕ್ಕಿ:

ನನ್ನ ಹೆಸರನ್ನೂ ಅರ್ಜಿಗೆ ಸೇರಿಸಿ.